ಲುವಾನಕ್ಕ ಆರಿಸಿಕೊಟ್ಟ ಬಿಸಿನೀರು

ನಮ್ಮ ಹತ್ತಿ ಬಟ್ಟೆಯ ಗಿರಣಿಯನ್ನೂ ಅದರ ಕೆಲಸಗಾರರ ಸ್ನಾನದ ಮನೆಯನ್ನೂ ಮುಚ್ಚಿದ ದಿನ, ಬಾಯ್ಲರಿನ ಬೂದಿಯನ್ನು ಕೊನೆಯ ಸಲ ಬಳಿದು ಹೊರಗೆ ಹಾಕಿದವಳು ಲುವಾನ್ ಚಿಂಗ್‌ಮೇ. ಬೇರೆಯವರೆಲ್ಲ ಗಿರಣಿಯ ಗೇಟಿನ ಹತ್ತಿರ ನಿಂತು ಅಳುತ್ತಿದ್ದರು, ಬೈಯುತ್ತಿದ್ದರು. ಅವಳು ಒಲೆಯ ಬಾಯಿ ಗುಡಿಸಿ, ಕವಾಟಗಳನ್ನು ತಿರುಗಿಸಿ ನೀರೆಲ್ಲ ಬಸಿದು, ನೀರಿನ ಮಟ್ಟ ತೋರಿಸುವ ಗೇಜಿನ ಗಾಜು ಒರೆಸಿ, ಬಾಗಿಲು ಎಳೆದುಕೊಂಡು ಬಂದಳು.

"ನೀರು ಒಳಗೇ ಬಿಟ್ರೆ ಚಳಿಗೆ ಹೆಪ್ಪುಗಟ್ಟಿ ಪೈಪು ಒಡೆಯುತ್ತೆ," ಎಂದಳು. ಇನ್ನೆಂದೂ ಉರಿಯದ ಬಾಯ್ಲರಿಗೆ ಇಷ್ಟು ಉಪಚಾರವೇಕೆ ಎಂದು ಯಾರೋ ನಕ್ಕರು. ಅದು ತೊಂಬತ್ತೆಂಟರ ಅಕ್ಟೋಬರ್. ಲುವಾನಕ್ಕನಿಗೆ ಆಗ ನಲವತ್ತನಾಲ್ಕು ವರ್ಷ.

ನಾನು ಗಿರಣಿಯ ಶಾಲೆಯಲ್ಲಿ ಟೀಚರ್ ಆಗಿದ್ದೆ. ಏಳನೇ ಕಟ್ಟಡದ ಒಂದೇ ಮೆಟ್ಟಿಲಿನ ಸುತ್ತ ನಾವು ಹನ್ನೆರಡು ಮನೆಯವರು: ಆರು ಅಂತಸ್ತು, ಅಂತಸ್ತಿಗೆ ಎರಡು ಮನೆ, ಲಿಫ್ಟಿಲ್ಲ. ನಾನು ನಾಲ್ಕನೇ ಅಂತಸ್ತಿನಲ್ಲಿ, ಲುವಾನಕ್ಕ ನನ್ನ ಕೆಳಗೆ ಮೂರರಲ್ಲಿ. ಅವಳ ಗಂಡ ಚೀ ಫುಲಾಯ್ ಗಿರಣಿಯಲ್ಲಿ ಹತ್ತಿಯ ಮೂಟೆ ಹೊರುತ್ತಿದ್ದ. ಮಾತು ಕಡಿಮೆ, ಬೆನ್ನು ಗಟ್ಟಿ.

ಹಳ್ಳಿಯಿಂದ ಬಂದ ಹೊಸತರಲ್ಲಿ ಲುವಾನಕ್ಕನನ್ನೂ ಮಗ್ಗದ ಶೆಡ್ಡಿಗೇ ಹಾಕಿದ್ದರು. ಹತ್ತಿಯ ಧೂಳಿಗೆ ಎರಡೇ ತಿಂಗಳಲ್ಲಿ ಕೆಮ್ಮು ಶುರುವಾಯಿತು. ಬೇರೆ ಎಲ್ಲೂ ಜಾಗ ಖಾಲಿಯಿರದೆ ಸ್ನಾನದ ಮನೆಯ ಬಾಯ್ಲರಿಗೆ ಕಳುಹಿಸಿದರು. ಅಲ್ಲಿ ಅವಳೊಬ್ಬಳೇ ಹೆಂಗಸು. ಬೀ ಎನ್ನುವ ಮುದಿ ಮೇಸ್ತ್ರಿ ಕೆಲಸ ಕಲಿಸಿದರು. ಒಂದು ಚಳಿಗಾಲ ಚಿಮಣಿಯೊಳಗೆ ಕಾಗೆ ಗೂಡು ಕುಸಿದು ಹೊಗೆಯ ದಾರಿ ಕಟ್ಟಿತು, ವಿಷದ ಹೊಗೆ ಒಳಗೇ ತುಂಬಿತು. ಊಟ ಮುಗಿಸಿ ಬಂದ ಲುವಾನಕ್ಕನಿಗೆ ಕಂಡದ್ದು ಕಲ್ಲಿದ್ದಲ ರಾಶಿಯ ಮೇಲೆ ಮಲಗಿದ್ದ ಬೀ ಮೇಸ್ತ್ರಿ. ನಿದ್ದೆ ಮಾಡುತ್ತಿರುವವರ ಹಾಗಿದ್ದರು, ಕೆನ್ನೆ ಮಾತ್ರ ಕೆಂಪಗಿತ್ತು. ಉಸಿರು ಬಿಗಿಹಿಡಿದು, ಕಾಲು ಹಿಡಿದು ಎಳೆದು ಹೊರಗೆ ತಂದಳು. ಜೀವ ಉಳಿಯಿತು, ಆದರೆ ಅವರಿಗೆ ಆಮೇಲೆ ತಮ್ಮ ಮಗಳ ಹೆಸರೂ ನೆನಪಿರುತ್ತಿರಲಿಲ್ಲ. ಅಂದಿನಿಂದ ಲುವಾನಕ್ಕ ಯಾರ ಮನೆಗೆ ಹೋದರೂ ಮೊದಲು ಒಲೆ ನೋಡುವಳು, ಆಮೇಲೆ ಹೊಗೆ ಹೋಗುವ ದಾರಿ ನೋಡುವಳು, ಕುರ್ಚಿ ನೋಡುವುದು ಅದಾದ ಮೇಲೆ.

ಇಪ್ಪತ್ತೆರಡು ವರ್ಷ ಮೂರು ಸಾವಿರ ಜನಕ್ಕೆ ಅವಳು ನೀರು ಕಾಯಿಸಿದಳು. ಬಿಳಿ ಟೋಪಿಯ ನೇಯ್ಗೆಯ ಹುಡುಗಿಯರು ಅವಳನ್ನು "ಕರಿಮೂಗಿನ ಅಕ್ಕ" ಅನ್ನುತ್ತಿದ್ದರು. ಅವಳ ಅತ್ತೆ ಚೀ ಅಜ್ಜಿಗೂ ಸೊಸೆಯ ಆ ಕೆಲಸ ಹಿಡಿಸಿರಲಿಲ್ಲ. "ಊರಿಗೆಲ್ಲ ಮಗ್ಗದ ಸೊಸೆಯಂದಿರು, ನನಗೊಬ್ಬಳು ಸಲಿಕೆ ಸೊಸೆ," ಎಂದು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಗಿರಣಿ ಮುಚ್ಚಿದ ವರ್ಷದ ವಸಂತದಲ್ಲಿ ಅಜ್ಜಿಗೆ ಪಾರ್ಶ್ವವಾಯು ಹೊಡೆಯಿತು. ಎಡಭಾಗ ಪೂರ್ತಿ ಹೋಯಿತು, ನಾಲಿಗೆಗೆ ಏನೂ ಆಗಲಿಲ್ಲ. ಲುವಾನಕ್ಕ ಪ್ರತಿ ಶುಕ್ರವಾರ ಸ್ನಾನದ ಮನೆ ತೆರೆಯುವ ಮೊದಲೇ ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಿ, ಹೊಸ ನೀರಿನಲ್ಲಿ ಮೊದಲಿಗೆ ಮೀಯಿಸಿ ತರುತ್ತಿದ್ದಳು. ಸ್ನಾನದ ಮನೆ ಮುಚ್ಚಿದ ಮೇಲೆ ಕೆಟಲಿನಲ್ಲಿ ನೀರು ಕಾಯಿಸಿ ಬಟ್ಟೆ ಅದ್ದಿ ಒರೆಸುವುದಾಯಿತು. ಅಜ್ಜಿ ಕಿರುಚುತ್ತಿದ್ದದ್ದು ನನ್ನ ಮನೆಗೆ ಕೇಳಿಸುತ್ತಿತ್ತು: "ನಾನೇನು ಕಿಟಕಿ ಗಾಜೇನೇ, ಒದ್ದೆ ಬಟ್ಟೇಲಿ ಒರೆಸೋಕೆ? ನೀರು ಸುರೀ! ಮೈಮೇಲೆ ನೀರು ಬಿದ್ದು ಎಷ್ಟು ದಿನ ಆಯ್ತು!"

ಆಗಲೇ ಒಂದು ಭಾನುವಾರ ನಮ್ಮ ಅಂಗಳಕ್ಕೆ ಗೀಸರ್ ಮಾರುವ ಶಿಯಾ ಎಂಬವನು ಬಂದ. ಹಲಗೆಯೊಂದನ್ನು ಸೈಕಲ್ ಗಾಡಿಯ ಮೇಲೆ ನಿಲ್ಲಿಸಿ, ಅದಕ್ಕೆ ಗ್ಯಾಸ್ ಗೀಸರ್ ತೂಗುಹಾಕಿ, ನಲ್ಲಿ ತಿರುಗಿಸಿದ. ಫಟ್ ಎಂದು ಹೊತ್ತಿಕೊಂಡಿತು. ಹಬೆಯಾಡುವ ನೀರು ಸುರಿಯಿತು. ಕೈ ತೊಳೆಯಲು ಜನ ನುಗ್ಗಿದರು. ಅವನನ್ನು ಕರೆಸಿದ್ದವರು ಕೆಳ ಅಂತಸ್ತಿನ ದಿಂಗ್. ಗಿರಣಿಯಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದವರು, ಗಿರಣಿ ಹೋದರೂ ನಾವು ಅವರನ್ನು ಮುಖ್ಯಸ್ಥರೆಂದೇ ಕರೆಯುತ್ತಿದ್ದೆವು. ಹನ್ನೆರಡು ಮನೆಯವರೂ ಒಟ್ಟಿಗೆ ತೆಗೆದುಕೊಂಡರೆ ಅಗ್ಗವಾಗುತ್ತದೆಂದು ಅವರು ಪಟ್ಟಿ ಹಿಡಿದು ನಿಂತಿದ್ದರು. ನಾನೂ ಹೆಸರು ಬರೆಸಿದ್ದೆ.

ಲುವಾನಕ್ಕ ಗೀಸರಿನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ನೋಡಿದಳು, ಮೇಲೆ ಕೈಯಾಡಿಸಿದಳು.

"ಹೊಗೆ ಎಲ್ಲಿಗೆ ಹೋಗುತ್ತೆ?"

"ಇದಕ್ಕೆ ಹೊಗೆಯೇ ಇಲ್ಲ ಅಕ್ಕ. ನೀಲಿ ಉರಿ ನೋಡಿ, ಎಷ್ಟು ಶುದ್ಧ," ಎಂದ ಶಿಯಾ.

"ಉರಿ ಅಂದ್ಮೇಲೆ ಹೊಗೆ ಇರುತ್ತಪ್ಪ. ಕಣ್ಣಿಗೆ ಕಾಣೋದು, ಕಾಣದೇ ಇರೋದು ಅಷ್ಟೇ. ಹೊರಗೆ ಹೋಗೋ ಕೊಳವೆ ಎಲ್ಲಿದೆ?"

"ಕೊಳವೆ ಬೇಕಾಗಿಲ್ಲ. ಬಚ್ಚಲಲ್ಲಿ ತೂಗುಹಾಕಿ, ನಲ್ಲಿ ತಿರುಗಿಸಿ, ಸ್ನಾನ ಮಾಡಿ."

"ನಮ್ಮ ಬಚ್ಚಲಿಗೆ ಕಿಟಕಿ ಇಲ್ಲ."

ದಿಂಗ್ ಪಟ್ಟಿಯಿಂದ ತಲೆಯೆತ್ತಿದರು. "ಕಲ್ಲಿದ್ದಲು ಹಾಕೋದು ಬೇರೆ, ಈಗಿನ ಯಂತ್ರ ಬೇರೆ, ಲುವಾನಕ್ಕ. ನಿನ್ನ ಸಲಿಕೆಯ ಕಾಲ ಮುಗೀತು. ಇಷ್ಟು ಜನ ಬೇಕು ಅಂತಿರೋವಾಗ ನೀನೊಬ್ಬಳು ಅಡ್ಡ ಬಾಯಿ ಹಾಕ್ಬೇಡ."

ಸುತ್ತ ನಗು ಎದ್ದಿತು. ಲುವಾನಕ್ಕನ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ಆದರೆ ಅವಳು ಜಾಗ ಬಿಟ್ಟು ಕದಲಲಿಲ್ಲ.

"ಸರಿ ಮುಖ್ಯಸ್ಥರೇ. ನಿಮ್ಮ ಬಚ್ಚಲಲ್ಲೇ ಇದನ್ನ ಹಚ್ಚೋಣ. ಒಳಗೆ ಯಾರೂ ಬೇಡ. ಬಾಗಿಲು ಹಾಕಿ ಕಾಲು ಗಂಟೆ ನೋಡೋಣ. ಉರಿ ನೀಲಿಯಾಗೇ ಇದ್ರೆ ನನ್ನ ಹೆಸರು ಮೊದಲು ಬರ್ಕೊಳ್ಳಿ."

ಎಲ್ಲರ ಮುಂದೆ ಬೇಡವೆನ್ನಲು ದಿಂಗ್ ಅವರಿಗೂ ಆಗಲಿಲ್ಲ, ಶಿಯಾಗೂ ಆಗಲಿಲ್ಲ. ಸಿಲಿಂಡರನ್ನು ಅಡುಗೆಮನೆಯಲ್ಲಿಟ್ಟು ಕೊಳವೆಯನ್ನು ಗೋಡೆಯ ತೂತಿನಿಂದ ಒಳಗೆ ಬಿಟ್ಟರು. ಬಚ್ಚಲ ಬಾಗಿಲ ಮೇಲ್ಗಡೆ ಒಂದು ಗಾಜಿನ ಕಂಡಿಯಿತ್ತು. ಲುವಾನಕ್ಕ ಅದರ ಒಳಬದಿಗೆ ಸೋಪು ತಿಕ್ಕಿ ಒರೆಸಿದಳು, ಹಬೆ ಕೂರದಿರಲೆಂದು. ಬಾಯ್ಲರಿನ ಗಾಜಿಗೂ ಹಾಗೇ ಮಾಡುತ್ತಿದ್ದಳಂತೆ. ಗೀಸರ್ ಹೊತ್ತಿಸಿ, ಬಿಸಿನೀರು ಕೊಳವೆಯಲ್ಲಿ ನೇರ ಮೋರಿಗೆ ಹೋಗುವಂತೆ ಮಾಡಿ, ಬಾಗಿಲು ಎಳೆದಳು. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದಳು. ಚಳಿಗಾಲದಲ್ಲಿ ನಾವೆಲ್ಲ ಮಾಡುವುದು ಅದನ್ನೇ.

ಸ್ಟೂಲಿನ ಮೇಲೆ ಒಬ್ಬೊಬ್ಬರಾಗಿ ಹತ್ತಿ ನೋಡಿದೆವು. ಐದು ನಿಮಿಷ ಉರಿ ನೀಲಿಯಾಗಿಯೇ ಇತ್ತು. ಶಿಯಾ ಸಿಗರೇಟು ಹಚ್ಚಿದ. ಎಂಟು ನಿಮಿಷವಾಯಿತು. ನನ್ನ ಸರದಿ ಬಂದಾಗ ಉರಿಯ ತುದಿಗಳು ಹಳದಿಯಾಗಿದ್ದವು. ಹನ್ನೊಂದನೇ ನಿಮಿಷಕ್ಕೆ ದಿಂಗ್ ಸ್ಟೂಲ್ ಹತ್ತಿದರು. ಒಳಗೆ ಹಳದಿ ನಾಲಿಗೆಗಳು ಗೀಸರಿನ ಬಾಯಿಂದ ಆಚೆ ಚಾಚಿ ತಡವರಿಸುತ್ತಿದ್ದವು. 

"ಗಾಳಿ ಸಾಲ್ದೆ ಏದುಸಿರು ಬಿಡ್ತಿದೆ ಅದು," ಎಂದಳು ಲುವಾನಕ್ಕ. "ಉರಿಗೇ ಉಸಿರು ಸಾಲದ ಕಡೆ ಮನುಷ್ಯರು ಸೋಪು ಹಚ್ಕೊಂಡು ನಿಲ್ಬೇಕಾ?" ಅಡುಗೆಮನೆಗೆ ಹೋಗಿ ಸಿಲಿಂಡರ್ ಮುಚ್ಚಿ, ಮನೆಯ ಕಿಟಕಿಗಳನ್ನೆಲ್ಲ ತೆಗೆಸಿ, ಎಲ್ಲರನ್ನೂ ಹೊರಗೆ ಕಳುಹಿಸಿ, ಆಮೇಲೆ ಬಚ್ಚಲ ಬಾಗಿಲು ತಳ್ಳಿದಳು. ಶಿಯಾನನ್ನು ಅವಳು ಬೈಯಲಿಲ್ಲ. "ಹೊರಗೆ ಕೊಳವೆ ಇರೋದು ಬರುತ್ತಲ್ಲ, ಅದನ್ನ ತಾಪ್ಪ. ಅಡುಗೆಮನೆ ಕಿಟಕಿ ಪಕ್ಕ ಹಾಕೋ ಅಂಥದ್ದು. ಇದನ್ನ ಯಾರಿಗೂ ಮಾರ್ಬೇಡ," ಎಂದಳು. ಅವನು ಗಾಡಿ ಕಟ್ಟಿಕೊಂಡು ಹೊರಟುಹೋದ.

ದಿಂಗ್ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಸ್ವರದಲ್ಲಿ ಇನ್ನೂ ಬಿಗುವಿತ್ತು. "ಅದು ಬೇಡ, ಒಪ್ಪಿದೆ. ಹಾಗಾದ್ರೆ ಯಾವುದು ಬೇಕು? ಹೇಳು."

"ಗೊತ್ತಿಲ್ಲ," ಎಂದಳು ಲುವಾನಕ್ಕ. "ನೋಡ್ಕೊಂಡು ಬಂದು ಹೇಳ್ತೀನಿ."

ನೋಡಿಕೊಂಡು ಬರುವುದೆಂದರೆ ಅಂಗಡಿ ಸುತ್ತುವುದೆಂದು ನಾವು ತಿಳಿದಿದ್ದೆವು. ಅವಳು ಅಂಗಡಿಗೆ ಹೋಗಲಿಲ್ಲ. ಬಾಯ್ಲರಿನ ಹಳೇ ಥರ್ಮಾಮೀಟರನ್ನು ಕೋಟಿನೊಳಗೆ ಇಟ್ಟುಕೊಂಡು, ಬಿಸಿನೀರಿನ ಯಂತ್ರವಿರುವ ಮನೆಗಳನ್ನು ಹುಡುಕಿಕೊಂಡು ಹೊರಟಳು. ನವೆಂಬರ್ ಕೊನೆಯ ಚಳಿ. ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದಳು: "ಟೀಚರ್ ಜೊತೆಗಿದ್ರೆ ನನ್ನನ್ನ ಕಳ್ಳಿ ಅಂದ್ಕೊಳ್ಳಲ್ಲ, ಬಾ."

ಸೇಬಿನ ತೋಟಗಳ ನಡುವಿನ ಒಂದು ಹಳ್ಳಿ. ಚಾವಣಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಗಾಜಿನ ಕೊಳವೆಗಳ ಸಾಲು ಹೊಳೆಯುತ್ತಿದ್ದ ಮನೆಯ ಬಾಗಿಲನ್ನು ಲುವಾನಕ್ಕ ತಟ್ಟಿದಳು. ದಪ್ಪನೆಯ ಹೆಂಗಸೊಬ್ಬಳು ಕೈಯಲ್ಲಿ ಈರುಳ್ಳಿ ದಂಟು ಹಿಡಿದು ಬಂದಳು.

"ತಂಗೀ, ನಿಮ್ಮ ಸ್ನಾನದ ನೀರು ಸ್ವಲ್ಪ ನೋಡ್ಬೇಕಿತ್ತು."

"ಏನು ನೋಡ್ಬೇಕಿತ್ತು?"

"ಸ್ನಾನದ ನೀರು. ಎಷ್ಟು ಬಿಸಿ ಬರುತ್ತೆ ಅಂತ."

ಆ ಹೆಂಗಸು ನನ್ನ ಮುಖ ನೋಡಿದಳು. "ಇವ್ರಿಗೆ ತಲೆ ಸರಿಯಿದೆಯಾ?"

"ಇದೆ," ಎಂದೆ ನಾನು. "ಇಪ್ಪತ್ತೆರಡು ವರ್ಷ ಬಾಯ್ಲರ್ ನೋಡ್ಕೊಂಡೋರು."

"ಹಾಗಾದ್ರೆ ಒಳಗೆ ಬನ್ನಿ, ಬಾಯ್ಲರಕ್ಕ. ನನ್ನ ಗಂಡ ಈ ಯಂತ್ರ ತಂದು ಎರಡು ವರ್ಷ ಆಯ್ತು, ಒಂದು ದಿನಾನೂ ಅದರ ಬಗ್ಗೆ ವಿಚಾರಿಸಿಲ್ಲ. ನೀವಾದ್ರೂ ವಿಚಾರಿಸ್ತಿದ್ದೀರಲ್ಲ!"

ಆ ಅಡುಗೆಮನೆಯಲ್ಲಿ ಕುಳಿತು ಬಿಸಿ ರೊಟ್ಟಿ ತಿನ್ನುತ್ತಾ ಲುವಾನಕ್ಕ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಮೋಡದ ದಿನ ಎಷ್ಟು ಬಿಸಿ? ಹೊರಗಿನ ಪೈಪು ಯಾವ ತಿಂಗಳು ಹೆಪ್ಪುಗಟ್ಟುತ್ತೆ? ಬೆಳಗಿನ ನೀರು ಚೆನ್ನೋ ಸಂಜೆಯದೋ? ಮನೆಯಲ್ಲಿ ಮೊದಲು ಮೀಯುವವರು ಯಾರು, ಕೊನೆಯವರಿಗೆ ಎಷ್ಟು ಉಳಿಯುತ್ತೆ? ಥರ್ಮಾಮೀಟರ್ ಅದ್ದಿ ನೋಡಿದರೆ ನಲವತ್ತಾರು ಡಿಗ್ರಿ ಇತ್ತು. ಹೊರಗೆ ಬಕೆಟ್ಟಿನಲ್ಲಿ ಮಂಜುಗಡ್ಡೆ.

ಹೀಗೆ ಹದಿನೇಳು ಮನೆ ನೋಡಿದಳು. ಕರೆಂಟಿನ ಗೀಸರ್ ಇದ್ದ ಒಂದು ಮನೆಯಲ್ಲಿ ಸ್ವಿಚ್ಚಿನ ಹಲಗೆಯ ಮೇಲೆ ಅಂಗೈಯಿಟ್ಟಳು, ತಂತಿಗೆ ಹೊರೆ ತಡೆಯದೆ ಅದು ಬೆಚ್ಚಗಾಗಿತ್ತು. ನಮ್ಮ ಕಟ್ಟಡದಲ್ಲೂ ಅಂಥದೇ ಸಣ್ಣ ಅಲ್ಯೂಮಿನಿಯಂ ತಂತಿ. ಇನ್ನೊಂದು ಕಡೆ ಆರನೇ ಅಂತಸ್ತಿನಲ್ಲಿ ಸೂರ್ಯನ ನೀರು ಇರುವೆ ಸಾಲಿನಷ್ಟು ಸಣ್ಣಗೆ ಬರುತ್ತಿತ್ತು: ತೊಟ್ಟಿ ತಲೆಯ ಮೇಲೇ ಇದ್ದುದರಿಂದ ನೀರು ಇಳಿಯುವ ರಭಸವೇ ಇರಲಿಲ್ಲ. ಮತ್ತೊಂದು ಕಟ್ಟಡದ ಕೆಳ ಅಂತಸ್ತಿನಲ್ಲಿ ಅರ್ಧ ಬಕೆಟ್ ತಣ್ಣೀರು ಹೋದ ಮೇಲೂ ಉಗುರು ಬೆಚ್ಚಗಿನ ನೀರೇ; ಅಷ್ಟುದ್ದದ ಪೈಪಿನಲ್ಲಿ ಬಿಸಿಯೆಲ್ಲ ಸೋರಿಹೋಗುತ್ತಿತ್ತು.

ಡಿಸೆಂಬರಿನಲ್ಲಿ ದಿಂಗ್ ಅವರ ಮನೆಯಲ್ಲೇ ಸೇರಿದೆವು. ಲುವಾನಕ್ಕ ಎದ್ದು ನಿಂತಳು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದೆ ಕೈಗಳನ್ನು ಕೋಟಿನ ತೋಳೊಳಗೆ ಸೇರಿಸಿಕೊಂಡಿದ್ದಳು.

"ಎಲ್ಲರಿಗೂ ಒಂದೇ ಯಂತ್ರ ಸರಿಹೋಗಲ್ಲ. ಮೂರರಿಂದ ಆರನೇ ಅಂತಸ್ತಿನ ಎಂಟು ಮನೆಗೆ ಸೂರ್ಯನದು. ಚಾವಣಿ ಮೇಲೆ ಎಂಟಕ್ಕೇ ಜಾಗ ಇರೋದು. ಆರನೆಯವ್ರ ತೊಟ್ಟಿ ಒಂದು ಮೀಟರ್ ಎತ್ತರಿಸ್ಬೇಕು. ಎಂಟಕ್ಕೂ ಒಳಗೆ ನೀರು ಕಾಯಿಸೋ ಕರೆಂಟಿನ ಸರಳು ಹಾಕ್ಬೇಕು, ಮೋಡದ ದಿನಕ್ಕೆ. ಕೆಳಗಿನ ಎರಡು ಅಂತಸ್ತಿಗೆ ಕರೆಂಟಿನ ತೊಟ್ಟಿ. ಆದ್ರೆ ಸರಳಾಗ್ಲಿ ತೊಟ್ಟಿಯಾಗ್ಲಿ, ಮೀಟರಿಂದ ಹೊಸ ದಪ್ಪ ತಂತಿ ಎಳೆಸಿ, ಅರ್ಥಿಂಗ್ ಕೊಡಿಸಿದ್ಮೇಲೇ. ಅದಿಲ್ದೆ ಯಾರೂ ಹಾಕಕೂಡ್ದು."

"ನನಗೂ ಸೂರ್ಯನದೇ ಬೇಕು ಅಂದ್ರೆ?" ಎಂದರು ದಿಂಗ್.

"ಕೊಡಿಸಬಹುದು. ದಿನಾ ಅರ್ಧ ಬಕೆಟ್ ತಣ್ಣೀರು ಮೋರಿಗೆ ಬಿಟ್ಟು, ನಡುಗ್ತಾ ನಿಂತ್ಕೊಂಡು, ನನ್ನನ್ನ ಬೈತೀರಿ. ನನಗೆ ಬೈಸ್ಕೊಳ್ಳೋಕೆ ಅತ್ತೆ ಇದ್ದಾರೆ, ಸಾಕು."

ಈ ಸಲದ ನಗು ಬೇರೆಯ ಥರದ್ದಾಗಿತ್ತು. ದಿಂಗ್ ಕೂಡ ನಕ್ಕರು.

ಆರನೇ ಅಂತಸ್ತಿನ ವೇಯ್ ದಂಪತಿ ಮಾತ್ರ ಒಪ್ಪಲಿಲ್ಲ. ಚಾವಣಿಗೆ ಮೊಳೆ ಹೊಡೆದರೆ ಸೋರುವುದು ಅವರ ಮನೆಯೊಳಗೇ ತಾನೇ? ಲುವಾನಕ್ಕ ಅವರನ್ನೇ ಚಾವಣಿಗೆ ಕರೆದುಕೊಂಡು ಹೋಗಿ, ಒಳಗಿನ ಗೋಡೆಗಳು ಹಾದುಹೋಗುವ ಗೆರೆಯನ್ನು ಸೀಮೆಸುಣ್ಣದಲ್ಲಿ ಎಳೆದು ತೋರಿಸಿದಳು. ಚಾವಣಿಗೆ ಹೊದಿಸಿದ್ದ ಡಾಂಬರಿಗೆ ಒಂದು ತೂತೂ ಬೀಳದ ಹಾಗೆ, ಗೋಡೆಯ ನೆತ್ತಿಯ ಮೇಲೆ ಸಿಮೆಂಟಿನ ದಿಮ್ಮಿಗಳನ್ನಿಟ್ಟು, ಯಂತ್ರಗಳ ಚೌಕಟ್ಟುಗಳನ್ನು ಅವುಗಳಿಗೆ ಬಿಗಿಯುವುದೆಂದು ತೀರ್ಮಾನವಾಯಿತು. ಆ ದಿಮ್ಮಿಗಳನ್ನೆಲ್ಲ ಆರು ಅಂತಸ್ತು ಹೊತ್ತವನು ಫುಲಾಯ್. ಯಾರಾದರೂ ಕೈಜೋಡಿಸಲು ಬಂದರೆ, "ಹತ್ತಿ ಮೂಟೆಗಿಂತ ಹಗುರ, ಬಿಡಿ," ಎನ್ನುತ್ತಿದ್ದ. ಪೈಪುಗಳಿಗೆ ಸುತ್ತಲು ಗಿರಣಿಯ ಗೋದಾಮಿನಲ್ಲಿ ಉಳಿದಿದ್ದ ಹಾಳು ಹತ್ತಿಯನ್ನು ಕೇಳಿ ತಂದರು. ಹೆಂಗಸರೆಲ್ಲ ಸೇರಿ ರಜಾಯಿ ಹೊಲಿಯುವ ಹಾಗೆ ಪೈಪುಗಳಿಗೆ ಅಂಗಿ ಹೊಲಿದು, ಮೇಲೆ ಪ್ಲಾಸ್ಟಿಕ್ ಸುತ್ತಿದೆವು. ನೇಯ್ಗೆ ಬಿಟ್ಟು ಕೈ ಖಾಲಿ ಕುಳಿತಿದ್ದವರಿಗೆ ಅದೊಂದು ಹಬ್ಬದಂತಿತ್ತು.

ಜನವರಿಯಲ್ಲಿ ಸಮುದ್ರದ ಕಡೆಯಿಂದ ಹಿಮ ಬಂತು. ಐದು ದಿನ ಸೂರ್ಯನ ಮುಖವಿಲ್ಲ. ಕರೆಂಟಿನ ಸರಳು ಯಾಕೆ ದಂಡ ಎಂದು ಬಿಟ್ಟಿದ್ದ ಇಬ್ಬರಲ್ಲಿ ವೇಯ್ ಒಬ್ಬ. ಮೆಟ್ಟಿಲ ಮೇಲೆ ನಿಂತು ಕೂಗಿದ, "ಏನಕ್ಕಾ, ನಿನ್ನ ಸೂರ್ಯ ರಜೆ ಹಾಕಿ ಊರಿಗೆ ಹೋದ್ನಾ?"

"ರಜೆ ಹಾಕ್ತಾನೆ ಅಂತ ಮೊದಲೇ ಹೇಳಿದ್ದೆ, ನೀನು ಬದಲಿ ಆಳು ಇಟ್ಕೊಂಡಿಲ್ಲ!" ಎಂದು ಇವಳೂ ಕೂಗಿದಳು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಪೊರಕೆ ಹಿಡಿದು ಚಾವಣಿ ಹತ್ತಿ, ಎಂಟು ಮನೆಯ ಕೊಳವೆಗಳ ಮೇಲಿನ ಹಿಮವನ್ನೂ ಗುಡಿಸಿದಳು. ಆ ಐದು ದಿನವೂ ವೇಯ್ ಮನೆಯ ಮಗುವಿನ ಸ್ನಾನ ಲುವಾನಕ್ಕನ ಬಚ್ಚಲಲ್ಲೇ ಆಯಿತು. ಹಿಮ ನಿಂತ ಮರುದಿನವೇ ವೇಯ್ ಸರಳು ತಂದು, ಕೂಡಿಸಿಕೊಡಲು ಕೇಳಿಕೊಂಡು ಬಂದ. "ಮೇಸ್ತ್ರಿ, ಸ್ವಲ್ಪ ಬರ್ತೀರಾ?" ಎಂದ. ಅವಳನ್ನು ಯಾರಾದರೂ ಮೇಸ್ತ್ರಿ ಎಂದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳೂ ಅದೇ ಮೊದಲು ಕೇಳಿದಳೇನೋ, ತಿರುಪುಳಿ ಹುಡುಕುವ ನೆಪದಲ್ಲಿ ಒಳಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ಫೆಬ್ರವರಿಯಲ್ಲಿ ಬರುವ ನಮ್ಮ ಚಾಂದ್ರಮಾನ ಹೊಸ ವರ್ಷದ ಹಬ್ಬಕ್ಕೆ ಎರಡು ದಿನವಿತ್ತು. ಆಕಾಶ ತೊಳೆದ ಹಾಗಿತ್ತು. ಮಧ್ಯಾಹ್ನ ಲುವಾನಕ್ಕ ನನ್ನನ್ನು ಕೂಗಿದಳು, ಅತ್ತೆಯನ್ನು ಹಿಡಿದುಕೊಳ್ಳಲು. ಫುಲಾಯ್ ಕಾಲು ಕತ್ತರಿಸಿ ತಗ್ಗಿಸಿದ್ದ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿದೆವು. ತೊಟ್ಟಿಯ ನೀರು ಐವತ್ತೆರಡು ಡಿಗ್ರಿ ಇತ್ತು. ತಣ್ಣೀರು ಬೆರೆಸಿ, ಥರ್ಮಾಮೀಟರ್ ಬದಿಗಿಟ್ಟು, ಮೊಣಕೈ ಅದ್ದಿ ನೋಡಿ, ಲುವಾನಕ್ಕ ಅತ್ತೆಯ ಬೆನ್ನ ಮೇಲೆ ನೀರು ಬಿಟ್ಟಳು.

ಅಜ್ಜಿ ಕಣ್ಣು ಮುಚ್ಚಿದಳು. ಬೈಗುಳಕ್ಕೆ ನಾವಿಬ್ಬರೂ ಸಿದ್ಧರಾಗಿದ್ದೆವು. ಬೈಯುವ ಬದಲು ಅವಳು ಕೇಳಿದಳು, "ಯಾರು ಕಾಯಿಸಿದ್ರು ಇದನ್ನ?"

"ಯಾರೂ ಇಲ್ಲ ಅತ್ತೆ. ಬಿಸಿಲು."

"ಬಿಸಿಲಿಗೆ ಇದ್ದಿಲು ಹಾಕೋರು ಯಾರು ಮತ್ತೆ?"

"ಅದಕ್ಕೆ ಇದ್ದಿಲು ಬೇಡ."

"ಹಾಗಾದ್ರೆ ನಿನಗೆ ಕೆಲ್ಸ ಇಲ್ಲ," ಎಂದಳು ಅಜ್ಜಿ. "ಒಳ್ಳೇದಾಯ್ತು. ಇನ್ನೂ ಸ್ವಲ್ಪ ಹೊತ್ತು ಸುರೀತಾ ಕೂತ್ಕೋ."

ಮೀಯಿಸಿ, ಒರೆಸಿ, ರಜಾಯಿ ಹೊದಿಸಿ ಕೂರಿಸುವಷ್ಟರಲ್ಲಿ ದಿಂಗ್ ಅವರ ಹೆಂಡತಿ ಹಬ್ಬಕ್ಕೆಂದು ಹೂವಿನಾಕಾರದಲ್ಲಿ ಬೇಯಿಸಿದ ಬನ್ನುಗಳನ್ನು ತಟ್ಟೆಯಲ್ಲಿ ತಂದಳು. ಅಜ್ಜಿಯ ಕೆನ್ನೆ ಕೆಂಪಾಗಿತ್ತು, ಕೂದಲಿಂದ ಹಬೆ ಏಳುತ್ತಿತ್ತು.

"ಅಜ್ಜಿ ಇವತ್ತು ಮದುಮಗಳ ಹಾಗಿದ್ದೀರಲ್ಲ!"

"ಇರ್ದೆ ಏನು?" ಎಂದಳು ಚೀ ಅಜ್ಜಿ. "ಊರಿಗೆಲ್ಲ ನೀರು ಕಾಯಿಸಿ ಕೊಟ್ಟೋಳು ನನ್ನ ಸೊಸೆ. ನಿಮ್ಮ ಮನೆ ಯಂತ್ರಾನೂ ಅವಳೇ ಅಲ್ವೇ ಆರಿಸಿದ್ದು? ಮುಖ್ಯಸ್ಥರ ಕೈಲಿ ಆಯ್ತಾ ಅದು?"

ಬಾಗಿಲಲ್ಲಿ ಒದ್ದೆ ಟವೆಲ್ ಹಿಂಡುತ್ತಿದ್ದ ಲುವಾನಕ್ಕ ತಲೆಯೆತ್ತಲಿಲ್ಲ. ಹಿಂಡಿ ಮುಗಿದ ಟವೆಲ್ಲನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದಳು.

ಅಜ್ಜಿ ಇನ್ನೂ ನಾಲ್ಕು ವರ್ಷ ಬದುಕಿದಳು. ಕೊನೆಯ ಸಲ ಬಂದ ಡಾಕ್ಟರು ಮೈಯೆಲ್ಲ ತಿರುಗಿಸಿ ನೋಡಿ, ಇಷ್ಟು ವರ್ಷ ಹಾಸಿಗೆ ಹಿಡಿದವರ ಬೆನ್ನಲ್ಲಿ ಒಂದು ಹುಣ್ಣೂ ಇಲ್ಲವಲ್ಲ ಎಂದು ಅಚ್ಚರಿಪಟ್ಟರು. ಲುವಾನಕ್ಕ ಆ ಮಾತನ್ನು ತಾನಾಗಿ ಯಾರಿಗೂ ಹೇಳಲಿಲ್ಲ. ಫುಲಾಯ್ ಹೇಳಿದ, ಮಾತು ಕಡಿಮೆಯ ಆ ಮನುಷ್ಯ ಹನ್ನೆರಡು ಮನೆಗೂ ಹೋಗಿ ಹೇಳಿ ಬಂದ.

ಅಷ್ಟರಲ್ಲಿ ಬೇರೆ ಕಟ್ಟಡಗಳವರೂ ಅವಳನ್ನು ಹುಡುಕಿಕೊಂಡು ಬರತೊಡಗಿದ್ದರು. ಊರಿನ ಒಂದು ಅಂಗಡಿಯವರು ಯಂತ್ರ ಕೂಡಿಸುವ ತಂಡಕ್ಕೆ ಅವಳನ್ನೇ ಮೇಲ್ವಿಚಾರಕಿಯಾಗಿ ಇಟ್ಟುಕೊಂಡರು. ಅರವತ್ತೆರಡರವರೆಗೆ ಅಲ್ಲಿ ದುಡಿದಳು. ಯಾರಾದರೂ "ಯಾವುದು ಒಳ್ಳೇದು ಮೇಸ್ತ್ರಿ?" ಎಂದು ಕೇಳಿದರೆ, ನೇರ ಉತ್ತರ ಕೊಟ್ಟದ್ದನ್ನು ನಾನು ಕಾಣೆ. ಮನೆಯಲ್ಲಿ ಎಷ್ಟು ಜನ, ವಯಸ್ಸಾದವರಿದ್ದಾರಾ, ಮೀಯುವುದು ಬೆಳಿಗ್ಗೆಯೋ ಸಂಜೆಯೋ, ಬಚ್ಚಲಿಗೆ ಕಿಟಕಿ ಇದೆಯಾ ಎಂದು ಅವಳೇ ಕೇಳುತ್ತಾ ಹೋಗುವಳು. ಆಮೇಲೆ, "ಮನೆ ನೋಡ್ತೀನಿ ನಡೀರಿ," ಎಂದು ಚಪ್ಪಲಿ ಮೆಟ್ಟುವಳು.

ಹೋದ ವರ್ಷ ಅವಳು ತನ್ನ ಚಾವಣಿಯ ತೊಟ್ಟಿಯನ್ನು ಇಳಿಸಿಬಿಟ್ಟಳು. ಗಾಳಿಯ ಬಿಸಿ ಹೀರಿ ನೀರು ಕಾಯಿಸುವ ಹೊಸ ಯಂತ್ರ ತರಿಸಿದ್ದಾಳೆ. ಅದಕ್ಕೂ ಮೊದಲು, ಎಪ್ಪತ್ತರ ವಯಸ್ಸಿನಲ್ಲಿ, ಒಂಬತ್ತು ಮನೆ ಸುತ್ತಿ ನೋಡಿ ಬಂದಿದ್ದಳು. ನನಗೇ ತಡೆಯಲಾಗಲಿಲ್ಲ.

"ಏನು ಲುವಾನಕ್ಕ, ಸೂರ್ಯನದೇ ಸರಿ ಅಂತ ಇಡೀ ಕಟ್ಟಡಕ್ಕೆ ಹೇಳಿದೋಳು ನೀನೇ ಅಲ್ವಾ?"

"ಆಗ ಅದು ಸರಿ ಇತ್ತು ಟೀಚರ್. ಈಗ ಪಕ್ಕದಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡ ಎದ್ದಿದೆ, ಎರಡು ಗಂಟೆಗೇ ನೆರಳು. ಪೊರಕೆ ಹಿಡ್ಕೊಂಡು ಚಾವಣಿ ಹತ್ತೋ ಆಸೆ ನನ್ನ ಮೊಣಕಾಲಿಗಿಲ್ಲ. ಬಾ ಇಲ್ಲಿ, ಇದರ ಸದ್ದು ಕೇಳು. ನಮ್ಮ ಫುಲಾಯ್ ಗೊರಕೆಗಿಂತ ಕಮ್ಮಿ."

ಬಾಲ್ಕನಿಯಲ್ಲಿ ನಿಂತು ಕೇಳಿದೆ. ನಿಜಕ್ಕೂ ಕಮ್ಮಿಯಿತ್ತು. ಒಳಗಿನಿಂದ ಫುಲಾಯ್ ಕೂಗಿದ, "ನಂದು ಯಾವತ್ತೇ ಅಳೆದೆ ನೀನು?"

"ನಲವತ್ತೈದು ವರ್ಷದಿಂದ ಅಳೀತಿದ್ದೀನಿ," ಎಂದಳು ಲುವಾನಕ್ಕ. ನಲ್ಲಿ ತಿರುಗಿಸಿ, ಬಿಸಿ ಬರುವವರೆಗೆ ಬೆರಳು ಹಿಡಿದು ನಿಂತಳು.